ಮೊದಲು ಗಾಜು, ಆಮೇಲೆ ಕಣ್ಣು

ಹುಣಸೂರಿನ ಹಳೆಯ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಒಂದು ಕನ್ನಡಕದ ಅಂಗಡಿ ಇದೆ. ಎಡಕ್ಕೆ ಹಾಲಿನ ಬೂತು, ಬಲಕ್ಕೆ ಬಿತ್ತನೆ ಬೀಜ ಮಾರುವ ಮಳಿಗೆ. ಈ ಸಲ ನಾನು ಊರಿಗೆ ಬಂದಾಗ ಅದರ ಷಟರು ಎಳೆದಿತ್ತು. ಅಂಗಡಿಯವರು ತೀರಿಕೊಂಡು ಇಪ್ಪತ್ತು ದಿನ ಕಳೆದಿತ್ತು. ಸುದ್ದಿ ನನಗೆ ಫೋನಿನಲ್ಲಿ ತಲುಪಿದಾಗ ನಾನು ಹಿಮಾಚಲದಲ್ಲಿದ್ದೆ. ಮಣ್ಣಿಗೆ ಬರಲು ಆಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಎದುರಿಗೆ ಒಳ್ಳೆಯ ಮಾತಾಡಿದರೆ ಅವರು ಎದ್ದು ಒಳಗಿನ ಕೋಣೆಗೆ ಹೋಗಿ ಇಲ್ಲದ ಯಾವುದೋ ಡಬ್ಬಿಯನ್ನು ಹುಡುಕುತ್ತಿದ್ದರು. ಮಾತು ಮುಗಿಯಿತೆಂದು ಖಾತ್ರಿಯಾದ ಮೇಲೆಯೇ ಹೊರಗೆ ಬರುತ್ತಿದ್ದರು.

ಯಾರ ಕನ್ನಡಕ ಕೈಗೆ ಬಂದರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಟ್ಯೂಬ್‌ಲೈಟಿನ ಕಡೆಗೆ ಎತ್ತಿ ಹಿಡಿದು, ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟು, ಆವಿ ಆರುವುದನ್ನು ನೋಡುವುದು. ಆವಿ ಹೇಗೆ ಆರುತ್ತದೆ ಎನ್ನುವುದರಿಂದಲೇ ಆ ಕನ್ನಡಕ ಎಂಥವರ ಮನೆಯಲ್ಲಿ ಬಾಳಿದೆ ಎಂದು ಹೇಳಿಬಿಡುತ್ತಿದ್ದರು.

“ಸೆರಗಲ್ಲಿ ಒರಸ್ತೀರಲ್ವಾ ತಾಯಿ?”

“ಅಯ್ಯೋ, ಅದೆಂಗೆ ಗೊತ್ತಾಯ್ತು ನಿಮಗೆ?”

“ಗಾಜೇ ಹೇಳ್ತು. ಗೀರು ಎಲ್ಲಾ ದುಂಡಗವೆ ನೋಡಿ. ನೀರಲ್ಲಿ ತೊಳೀರಿ, ಒಣಗಾಕೆ ಬುಡಿ. ಬಟ್ಟೇಲಿ ಉಜ್ಜಬ್ಯಾಡಿ.”

ಈ ಮಾತನ್ನು ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ಕೇಳಿದವರೆಲ್ಲ ತಲೆಯಾಡಿಸಿ, ಅಂಗಡಿಯ ಮೆಟ್ಟಿಲು ಇಳಿಯುತ್ತಲೇ ಸೆರಗಿನಲ್ಲೋ ಟವೆಲ್ಲಿನಲ್ಲೋ ಒರೆಸಿ ಹಾಕಿಕೊಳ್ಳುತ್ತಿದ್ದರು. ನಮ್ಮ ಕಡೆಯವರ ಕೈ ಹಾಗೆ. ಅದರಲ್ಲಿ ನನ್ನ ಕೈಯೂ ಸೇರಿತ್ತು ಎಂದು ಗೊತ್ತಾಗುವ ಹೊತ್ತಿಗೆ ನಾನು ಬಹಳ ದೂರದಲ್ಲಿದ್ದೆ.

ನಮ್ಮ ಊರು ಪಿರಿಯಾಪಟ್ಟಣದ ರಸ್ತೆಯಿಂದ ಒಳಕ್ಕೆ. ನನಗೆ ಒಂಬತ್ತು ವರ್ಷವಾಗಿದ್ದಾಗ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಅಪ್ಪ ಸೌದೆ ಒಡೆಯುತ್ತಿದ್ದರು. ನಾನು ಎದುರಿಗೆ ಕೂತಿದ್ದೆ. ಒಂದು ಚಕ್ಕೆ ಹಾರಿತು. ಎಡಗಣ್ಣು ಹೋಯಿತು. ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಮೈಸೂರಿನ ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನನ್ನನ್ನು ಈ ಅಂಗಡಿಗೆ ಕರೆತಂದರು. ಉಳಿದ ಬಲಗಣ್ಣಿಗೂ ಸಣ್ಣ ನಂಬರು ಬಂದಿತ್ತು.

“ಸ್ವಾಮಿ, ನಂಬರ್ ಜಾಸ್ತಿ ಇಲ್ಲ ಅಂದವ್ರೆ. ಯಾವುದಾದ್ರೂ ಒಂದು ಸಾದಾದು ಕೊಡಿ ಸಾಕು,” ಎಂದರು ಅಪ್ಪ.

ಅಂಗಡಿಯವರು ನನ್ನನ್ನು ನೋಡಿದರು. ಪಾಪ ಎನ್ನುವ ನೋಟವಲ್ಲ ಅದು. ಅಳತೆ ತೆಗೆಯುವ ನೋಟ. ಆಗ ನನಗೆ ಬೇಕಾಗಿದ್ದದ್ದು ಅದೇ ಎಂದು ಈಗ ಅನ್ನಿಸುತ್ತದೆ.

“ಗೌಡ್ರೇ, ಇದು ಓದಾಕೆ ಕೊಡೋ ಕನ್ನಡಕ ಅಲ್ಲ. ಬೇಲಿ. ಆನೆ ಬರೋ ಕಡೆ ನೀವು ಸಾದಾ ಬೇಲಿ ಹಾಕ್ತೀರಾ?”

ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಗಾಜು ತೆಗೆದು, ದಪ್ಪ ಬಟ್ಟೆಯ ಮೇಲಿಟ್ಟು, ಸಣ್ಣ ಸುತ್ತಿಗೆಯನ್ನು ಎತ್ತಿದರು. ಅಪ್ಪ ಥಟ್ಟನೆ ನನ್ನ ಮುಖಕ್ಕೆ ಅಡ್ಡವಾಗಿ ಕೈ ಹಿಡಿದರು. ಸುತ್ತಿಗೆ ಬಿತ್ತು. ಗಾಜು ಬಿರಿಯಲಿಲ್ಲ. ಅಪ್ಪನ ಕೈ ಮಾತ್ರ ಬಹಳ ಹೊತ್ತು ನನ್ನ ಮುಖದ ಮುಂದೆ ಹಾಗೆಯೇ ಇತ್ತು. ಅಂಗಡಿಯವರು ಅದನ್ನು ನೋಡಿಯೂ ನೋಡದಂತೆ ಸುತ್ತಿಗೆಯನ್ನು ಡ್ರಾಯರಿಗೆ ಹಾಕಿದರು. ಮತ್ತೆಂದೂ ಅಪ್ಪನ ಎದುರು ಅದನ್ನು ಹೊರಗೆ ತೆಗೆಯಲಿಲ್ಲ.

ಹನ್ನೊಂದನೆಯ ವಯಸ್ಸಿನಲ್ಲಿ, ಒಂದು ಪರೀಕ್ಷೆಯ ಮಧ್ಯದಲ್ಲಿ ಕಪ್ಪುಹಲಗೆ ಇದ್ದಕ್ಕಿದ್ದಂತೆ ಮಸುಕಾಯಿತು. ಇನ್ನೊಂದು ಕಣ್ಣೂ ಹೋಯಿತು ಎಂದುಕೊಂಡು, ಯಾರಿಗೂ ಹೇಳದೆ ಹುಣಸೂರಿನ ನಮ್ಮ ಶಾಲೆಯಿಂದ ಓಡಿ ಅವರ ಅಂಗಡಿಗೆ ಬಂದೆ. ಅವರು ಏನೂ ಕೇಳಲಿಲ್ಲ. ನನ್ನ ಕನ್ನಡಕ ಬಿಚ್ಚಿಕೊಂಡು, ನೀರಿನಲ್ಲಿ ಅದ್ದಿ, ಅಲ್ಲಾಡಿಸಿ, ಮತ್ತೆ ಹಾಕಿದರು. ಸೀಮೆಸುಣ್ಣದ ಪುಡಿ ಅಷ್ಟೆ.

“ನೋಡು ಮಗಾ. ಮಸುಕಾಯ್ತು ಅಂದ್ರೆ ಮೊದ್ಲು ಗಾಜಿನ ಮೇಲೆ ಅನುಮಾನ ಪಡು. ಕಣ್ಣಿನ ಮೇಲೆ ಆಮೇಲೆ. ಹೆದರಿದೋರು ಇದನ್ನ ಉಲ್ಟಾ ಮಾಡ್ತಾರೆ.”

ಇನ್ನೊಂದು ಸಂಗತಿ ನೆನಪಾಗುತ್ತದೆ. ಆಗ ಅವರ ಅಂಗಡಿಯ ಬೋರ್ಡಿನಲ್ಲಿ ಎರಡು ದೊಡ್ಡ ಕಣ್ಣುಗಳ ಚಿತ್ರವಿತ್ತು. ಪಡುವಣ ಬಿಸಿಲಿಗೆ ಅದರಲ್ಲಿ ಎಡಗಡೆಯದು ಪೂರ್ತಿ ಮಾಸಿ ಬಿಳಿಚಿಕೊಂಡಿತ್ತು. ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ನಮ್ಮ ಶಾಲೆಯ ಇಬ್ಬರು ಬೋರ್ಡನ್ನೂ ನನ್ನನ್ನೂ ತೋರಿಸಿ ನಕ್ಕರು. ನಾನು ಕೇಳಿಸದವಳಂತೆ ನಿಂತಿದ್ದೆ. ಅಂಗಡಿಯ ಒಳಗೆ ಅವರು ಯಾರದೋ ಕನ್ನಡಕಕ್ಕೆ ತಿರುಪು ಹಾಕುತ್ತಿದ್ದರು, ತಲೆ ಎತ್ತಿರಲಿಲ್ಲ. ಮುಂದಿನ ವಾರ ಬಂದಾಗ ಬೋರ್ಡಿಗೆ ಹೊಸ ಬಣ್ಣ ಬಿದ್ದಿತ್ತು. ಬರೀ ಅಕ್ಷರ. ಕಣ್ಣು ಒಂದೂ ಇರಲಿಲ್ಲ. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಮೈಸೂರಿನಲ್ಲಿ ಭೂಗೋಳದಲ್ಲಿ ಎಂ.ಎಸ್‌ಸಿ. ಮುಗಿಸಿದೆ. ಹಿಮಾಚಲದಲ್ಲಿ ಚಳಿಗಾಲದ ಹಿಮದ ಆಳವನ್ನು ಅಳೆಯುವ ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಅಳತೆಯ ಕಂಬಗಳು ನೆಟ್ಟಿರುವ ಇಳಿಜಾರುಗಳಿಗೆ ಆ ಕಾಲದಲ್ಲಿ ನಡೆದು ಹೋಗಲಾಗುವುದಿಲ್ಲ. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಇಲ್ಲವೇ ಸ್ನೋಬೋರ್ಡ್, ಎರಡರಲ್ಲಿ ಒಂದನ್ನು ಎರಡು ವಾರ ಕಲಿತು, ತರಬೇತಿಯಲ್ಲಿ ಪಾಸಾಗಲೇಬೇಕು. ನನ್ನ ಕಣ್ಣಿನ ವಿಷಯ ಯೋಜನೆಯವರಿಗೆ ತಿಳಿಸಿದ್ದೆ. ಮೈಸೂರಿನ ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ, ಹೋಗಬಹುದು ಎಂದು ಬರೆದುಕೊಟ್ಟರು. ಕೊನೆಯಲ್ಲಿ ಬಾಯಿಮಾತಿನಲ್ಲಿ ಒಂದು ಎಚ್ಚರಿಕೆ ಹೇಳಿದರು: ಬದಿಯಿಂದ ಪರದೆ ಎಳೆದ ಹಾಗೆ ಏನಾದರೂ ಕಂಡರೆ ಅದು ಕಣ್ಣಿನ ಒಳಪದರ ಕಳಚುವ ಲಕ್ಷಣ, ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊರಡಲು ಮೂರು ವಾರವಿತ್ತು. ಆನ್‌ಲೈನಿನಲ್ಲಿ ತರಿಸಿದ್ದ ಒಂದು ಸ್ಕೀ ಗಾಗಲ್ಸ್ ತೆಗೆದುಕೊಂಡು ಅಂಗಡಿಗೆ ಹೋದೆ. ಎರಡೂ ಕಣ್ಣಿಗೆ ಒಂದೇ ಅಗಲ ಗಾಜು, ಕಡುಗಪ್ಪು, ಹೊರಗಡೆ ಕನ್ನಡಿಯಂಥ ಹೊಳಪು. ಕಪ್ಪಾದಷ್ಟೂ ಕಾಪಾಡುತ್ತದೆ ಎಂಬ ಲೆಕ್ಕ ನನ್ನದು. ಕಣ್ಣಿನ ಆಪರೇಷನ್ ಆದವರಿಗೆ ಕಪ್ಪು ಕನ್ನಡಕ ಕೊಡುವುದನ್ನು ನೋಡಿಯೇ ನಾವೆಲ್ಲ ಬೆಳೆದದ್ದು.

ಅವರು ಪೂರ್ತಿ ಕೇಳಿಸಿಕೊಂಡರು. ಗಾಗಲ್ಸಿನ ಡಬ್ಬಿಯನ್ನು ಮುಟ್ಟಲಿಲ್ಲ.

“ಹೋಗಬ್ಯಾಡ,” ಎಂದರು.

“ಅಂಕಲ್, ಕೆಲಸ ಅದು.”

“ಬೇರೆ ಕೆಲಸ ಇಲ್ವಾ? ನಿನ್ ಓದಿಗೆ ಇಲ್ಲೇ ಎಲ್ಲಾದ್ರೂ ಪಾಠ ಮಾಡು. ಹದಿನಾರು ವರ್ಷದಿಂದ ಆ ಒಂದು ಕಣ್ಣ ಕಾಯ್ಕೊಂಡು ಬಂದಿವ್ನಿ. ಐಸ್ ಮೇಲೆ ಜಾರಿ ಕಳ್ಕೊಂಡು ಬಾ ಅಂತ ಕಳಿಸ್ಲಾ?”

ಅವರು ಧ್ವನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿ ಮೆಲ್ಲಗೆ ಮೆಟ್ಟಿಲಿಳಿದು ಹೋದರು. ನನಗೆ ಎದುರು ಮಾತು ಬರುವುದು ಕಡಿಮೆ. ಅವತ್ತು ಮಾತ್ರ ಬಂತು.

“ಕಾಯ್ದಿದ್ದು ಯಾಕೆ ಅಂಕಲ್? ನೋಡಲಿ ಅಂತ ತಾನೆ?”

ಅವರು ಎದ್ದು ಒಳಗಿನ ಕೋಣೆಗೆ ಹೋದರು. ನಾನು ಕಾದೆ. ಬಸ್ ನಿಲ್ದಾಣದಿಂದ ಒಂದು ಬಸ್ಸು ಹೊರಟಿತು, ಇನ್ನೊಂದು ಬಂದು ನಿಂತಿತು. ಹೊರಗೆ ಬಂದಾಗ ಅವರ ಕೈಯಲ್ಲಿ ನೋಟು ಅಸಲಿಯೋ ನಕಲಿಯೋ ನೋಡುವ ನೀಲಿ ದೀಪವಿತ್ತು.

“ಆ ಕರೀದು ಕೊಡಿಲ್ಲಿ,” ಎಂದರು.

ಷಟರನ್ನು ಅರ್ಧ ಎಳೆದು, ಒಂದು ನೋಟನ್ನು ಮೇಜಿನ ಮೇಲಿಟ್ಟು ದೀಪ ಹಿಡಿದರು. ನೋಟಿನ ದಾರ ಹೊಳೆಯಿತು. ದೀಪಕ್ಕೂ ನೋಟಿಗೂ ನಡುವೆ ನನ್ನ ಗಾಗಲ್ಸ್ ಹಿಡಿದರು. ದಾರ ಆಗಲೂ ಹೊಳೆಯುತ್ತಿತ್ತು.

“ಕಂಡ್ಯಾ? ಕಣ್ಣಿಗೆ ಕಾಣೋ ಬೆಳಕ ತಡೀತದೆ, ಕಣ್ಣ ಸುಡೋ ಬೆಳಕ ಒಳಕ್ಕೆ ಬುಡ್ತದೆ. ಕತ್ಲು ಅಂದ್ಕೊಂಡು ಕಣ್ಣು ಇನ್ನಷ್ಟು ಅಗಲ ಆಯ್ತದೆ. ಬರಿಗಣ್ಣಲ್ಲಿ ಹೋಗೋದೇ ವಾಸಿ ಇದಕ್ಕಿಂತ.”

ಆಮೇಲೆ ಅವರ ಬಳಿ ಇದ್ದ, ಹೆಚ್ಚುಕಡಿಮೆ ಬಣ್ಣವೇ ಇಲ್ಲದ ಒಂದು ಗಾಜನ್ನು ಅಡ್ಡ ಹಿಡಿದರು. ದಾರ ಪೂರ್ತಿ ಆರಿಹೋಯಿತು. ಆ ಕಪ್ಪು ಗಾಗಲ್ಸನ್ನು ಅವರೇ ಡ್ರಾಯರಿಗೆ ಹಾಕಿಕೊಂಡರು. “ಇದು ಇಲ್ಲೇ ಇರ್ಲಿ. ನಿನ್ ಕೈಗೆ ಕೊಡಾಕಿಲ್ಲ.”

ಹಿಮವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ದೂರ ಅಂದರೆ ಅವರಿಗೆ ಎಚ್.ಡಿ. ಕೋಟೆ ಕಡೆಯ ಕಣ್ಣಿನ ಶಿಬಿರಗಳು. ಅಂತರಸಂತೆಗೆ ಹೋಗಿ ಬಂದರೆ ಎರಡು ದಿನ ಅದನ್ನೇ ಹೇಳುತ್ತಿದ್ದರು. ಆದರೂ ಮುಂದಿನ ಎರಡು ವಾರ ಅವರು ಹಿಮದಲ್ಲೇ ಇದ್ದವರ ಹಾಗೆ ಇದ್ದರು. ಮೈಸೂರಿಗೆ, ಬೆಂಗಳೂರಿಗೆ ಫೋನು. ಅಲ್ಲಿಂದ ಮೂರು ಬಗೆಯ ಗಾಗಲ್ಸ್ ಬಂದವು. ಎರಡನ್ನು ವಾಪಸು ಕಳಿಸಿದರು. ಒಂದು ನನ್ನ ಮೂಗಿನ ಬುಡದಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ನನಗೆ ಅದನ್ನು ಹಾಕಿಸಿ, ಸುತ್ತಲೂ ಟಾರ್ಚು ಹಿಡಿದು, “ಎಲ್ಲಾದ್ರೂ ಬೆಳಕು ತೂರ್ತದಾ?” ಎಂದು ಕೇಳುತ್ತಾ ಬಂದರು. ಮೂಗಿನ ಪಕ್ಕ ತೂರಿತು. ಇನ್ನೊಂದರ ಒಳಗೆ ನನ್ನ ಕನ್ನಡಕ ಹಿಡಿಸಲಿಲ್ಲ. ಕಡ್ಡಿಗಳು ಒತ್ತಿ ಅಂಚಿನ ಸ್ಪಂಜು ಮೇಲೇಳುತ್ತಿತ್ತು. ಮೂರನೆಯದು ಕನ್ನಡಕದ ಮೇಲೆಯೇ ಹಾಕಿಕೊಳ್ಳಲೆಂದು ಮಾಡಿದ್ದು. ಅದಕ್ಕೆ ತಕ್ಕಂತೆ ನನಗೆ ಸಪೂರ ಕಡ್ಡಿಯ ಹೊಸ ಕನ್ನಡಕವನ್ನೂ ಮಾಡಿದರು. ಹೆಲ್ಮೆಟ್ಟಿಗೂ ಗಾಗಲ್ಸಿಗೂ ನಡುವೆ ಹಣೆ ಕಾಣಬಾರದೆಂದು, ಬೀಜದ ಮಳಿಗೆಯವರ ಬೈಕಿನ ಹೆಲ್ಮೆಟ್ ಕೇಳಿ ತಂದು ನನ್ನ ತಲೆಗೆ ಹಾಕಿ ನೋಡಿದರು.

ಆಮೇಲೆ ಪೆನ್ನು ಹಿಡಿದು ನನ್ನ ಬಲಗಡೆಯಿಂದ ನಿಧಾನವಾಗಿ ಹಿಂದಕ್ಕೆ ನಡೆದರು. “ಈಗ ಕಾಣ್ತದಾ? ಈಗ?” ಬಲಕ್ಕೆ ಎಷ್ಟು ಅಗಲ ಸಿಕ್ಕರೂ ಸಾಲದು ಅವರಿಗೆ. ಎಡಗಡೆ ಬಂದಾಗ ಪೆನ್ನು ಕೆಳಗಿಳಿಸಿದರು. “ಈ ಕಡೆಗೆ ಯಾವ ಗಾಗಲ್ಸೂ ಏನೂ ಮಾಡಾಕಾಗಲ್ಲ. ತಲೆ ತಿರುಗಿಸ್ಬೇಕು. ತಿರುಗಿಸ್ತಾನೇ ಇರ್ಬೇಕು.”

ಗಾಜಿನ ಬಣ್ಣ ಆರಿಸುವುದಕ್ಕೆ ಅವರು ಮನೆಯಿಂದ ಅಕ್ಕಿಹಿಟ್ಟು ತಂದಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಹರಡಿ, ಬೆರಳಿನಿಂದ ಸಣ್ಣ ಗುಂಡಿ, ಸಣ್ಣ ದಿಬ್ಬ ಮಾಡಿ, ಟೇಬಲ್ ಲ್ಯಾಂಪಿನ ಮೇಲೆ ಬಿಳಿ ಪಂಚೆ ಹೊದಿಸಿದರು. ನೆರಳು ಮಾಯವಾಯಿತು. ಮೋಡ ಕವಿದ ದಿನ ಹಿಮ ಕಾಣುವುದು ಹೀಗೆಯೇ ಎಂದು ಎಲ್ಲೋ ಓದಿಕೊಂಡಿದ್ದರು.

“ಎರಡು ಕಣ್ಣಿದ್ದೋರಿಗೆ ಹಳ್ಳ ದಿಣ್ಣೆ ತಾನಾಗೇ ತಿಳೀತದೆ. ನಿನಗೆ ನೆರಳು ನೋಡೇ ತಿಳೀಬೇಕು. ಹೇಳು, ಗುಂಡಿ ಎಲ್ಲದೆ?”

ಕಡುಬಣ್ಣದ ಗಾಜಿನಲ್ಲಿ ನೋಡಿ ಬೆರಳಿಟ್ಟೆ. ದಿಬ್ಬದ ಮೇಲೆ ಇಟ್ಟಿದ್ದೆ. ಹಳದಿಯಲ್ಲಿ ಅನುಮಾನ. ತಿಳಿ ಗುಲಾಬಿಯಲ್ಲಿ ಮಾತ್ರ ಗುಂಡಿಯ ಅಂಚು ಎದ್ದು ಬಂತು. ಆರು ಸಲ ತಟ್ಟೆ ತಿರುಗಿಸಿ ಕೇಳಿದರು, ಆರು ಸಲವೂ ಸರಿಯಾಗಿ ತೋರಿಸಿದೆ. ಬಿಸಿಲಿಗೆ ಕಪ್ಪು ಗಾಜು, ಮೋಡಕ್ಕೆ ಗುಲಾಬಿ ಎಂದು ತೀರ್ಮಾನವಾಯಿತು. ಒಂದೇ ಚೌಕಟ್ಟು, ಗಾಜುಗಳು ಅಯಸ್ಕಾಂತದ ಹಿಡಿತದಲ್ಲಿ ಕೂರುತ್ತವೆ, ಬಿಚ್ಚಿ ಬದಲಾಯಿಸಬಹುದು. ಎರಡನ್ನೂ ನೀಲಿ ದೀಪದ ಮುಂದೆ ಹಿಡಿದು ನೋಡಿದರು. ಎರಡರಲ್ಲೂ ದಾರ ಆರಿತು.

ಇನ್ನು ಉಳಿದದ್ದು ಆವಿ. ಅದಕ್ಕೆ ಅವರು ನನ್ನನ್ನು ಪಕ್ಕದ ಹಾಲಿನ ಬೂತಿಗೆ ಕರೆದುಕೊಂಡು ಹೋದರು. ಬೂತಿನ ಜಯಮ್ಮಕ್ಕನ ಐಸ್‌ಕ್ರೀಮ್ ಫ್ರೀಜರಿನ ಮುಚ್ಚಳ ತೆಗೆಸಿ, ನನಗೆ ಗಾಗಲ್ಸ್ ಹಾಕಿಸಿ, ಅದರೊಳಕ್ಕೆ ಬಗ್ಗಿ ನಿಲ್ಲಲು ಹೇಳಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನನ್ನಂಥವಳಿಗೆ ಅದು ಸಣ್ಣ ಶಿಕ್ಷೆಯಲ್ಲ.

“ಏನಣ್ಣಾ, ಹುಡುಗೀನೇ ಫ್ರೀಜರ್‌ಗೆ ಮಡಗ್ತಿದ್ದೀಯಾ? ಕುಲ್ಫಿ ಮಾಡಿ ಮಾರ್ತೀಯೇನೋ!”

“ಸುಮ್ಕಿರು ಜಯಮ್ಮ, ಎಣಿಸ್ತಾ ಇವ್ನಿ. ಮಗಾ, ಜೋರಾಗಿ ಉಸಿರಾಡು. ಮಫ್ಲರ್ ಮೂಗಿನ ಮೇಲೆ ಎಳ್ಕೊ. ಈಗ ಕಾಣ್ತದಾ? ಈಗ ಇಳಿಸು.”

ಮಫ್ಲರ್ ಮೂಗಿನ ಮೇಲಿದ್ದಾಗ ಉಸಿರು ಮೇಲಕ್ಕೆ ತೂರಿ ಗಾಜು ಮಂಜಾಯಿತು. ಗಲ್ಲಕ್ಕೆ ಇಳಿಸಿದಾಗ ತಿಳಿಯಾಯಿತು. ಅವರ ನಿಯಮಗಳು ಹೀಗೆ ಒಂದೊಂದಾಗಿ ಹುಟ್ಟಿದವು. ಮಫ್ಲರ್ ಮೂಗಿನ ಕೆಳಗೆ. ಗಾಗಲ್ಸನ್ನು ಹಣೆಯ ಮೇಲೆ ಏರಿಸಬಾರದು. ಗಾಜಿನ ಒಳಮೈಯನ್ನು ಒರೆಸಲೇಬಾರದು. ಹಿಮದ ಮೇಲೆ ಬಿಸಿಲಿನಲ್ಲಿ ಒಂದು ನಿಮಿಷವೂ ಕಣ್ಣು ತೆರೆದು ಗಾಗಲ್ಸ್ ತೆಗೆಯಬಾರದು; ಮೇಲಿನಿಂದ ಒಂದು ಬಿಸಿಲು, ಕೆಳಗಿನಿಂದ ಇನ್ನೊಂದು.

ಕೊನೆಯ ದಿನ ಇನ್ನೊಂದು ಕಾಟ ಕೊಟ್ಟರು. ಕಣ್ಣು ಮುಚ್ಚಿಸಿ, ಕೈಗೆ ದಪ್ಪ ಉಣ್ಣೆಯ ಗ್ಲೌಸ್ ಹಾಕಿಸಿ, ಒಂದು ಗಾಜು ಬಿಚ್ಚಿ ಇನ್ನೊಂದು ಕೂರಿಸಲು ಹೇಳಿದರು. ಹತ್ತು ಸಲ ಮಾಡಿದೆ. ಇನ್ನೂ ಹತ್ತು ಸಲ ಎಂದರು. ನನ್ನ ಬಸ್ಸು ಹೊರಡುವುದರಲ್ಲಿತ್ತು.

“ಕಣ್ಣು ಮುಚ್ಕೊಂಡು ಯಾಕೆ ಬದಲಾಯಿಸ್ತೀನಿ ಅಂಕಲ್?” ನನ್ನ ಧ್ವನಿಯಲ್ಲಿ ಸಿಟ್ಟಿತ್ತು.

“ಯಾಕೋ ನನಗೂ ಗೊತ್ತಿಲ್ಲ. ಮಾಡು.”

ತರಬೇತಿಯ ಆರನೆಯ ದಿನ. ಅಷ್ಟರಲ್ಲಿ ಚಳಿಗೆ ನನ್ನ ಕೆನ್ನೆ, ತುಟಿ ಒಡೆದು ಉರಿಯುತ್ತಿದ್ದವು. ಅಮ್ಮ ಕಟ್ಟಿಕೊಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಬ್ಯಾಗಿನಲ್ಲಿತ್ತು. ಗಟ್ಟಿಯಾಗಿದ್ದ ಎಣ್ಣೆಯನ್ನು ಹೀಟರಿನ ಪಕ್ಕ ಇಟ್ಟು ಕರಗಿಸಿ, ಊರಿನಲ್ಲಿ ಮಾಡುವ ಹಾಗೆ ಮುಖಕ್ಕೆಲ್ಲ ಹಚ್ಚಿಕೊಂಡೆ. ಕೈಯನ್ನು ವೇಲಿಗೆ ಒರೆಸಿಕೊಂಡೆ. ಗಾಗಲ್ಸ್ ಎತ್ತಿಕೊಂಡಾಗ ಗಾಜಿನ ಒಳಗಡೆ ಹೆಬ್ಬೆರಳಿನ ಗುರುತು ಕಂಡಿತು. ಹೊರಗೆ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಅದೇ ವೇಲಿನ ತುದಿಯಲ್ಲಿ ಒಳಗಡೆ ಪೂರ್ತಿ ಒರೆಸಿದೆ. ಕೋಣೆಯ ಬೆಳಕಿನಲ್ಲಿ ಅದು ಸ್ವಚ್ಛವಾಗಿಯೇ ಕಂಡಿತು.

ಮೇಲೆ ಬಿಸಿಲು ಪ್ರಖರವಾಗಿತ್ತು, ಗಾಳಿ ಕೊರೆಯುತ್ತಿತ್ತು. ಸಾಲಿನಲ್ಲಿ ನಾನು ಕೊನೆಯವಳು. ಇಳಿಜಾರಿನ ಎಡ ಅಂಚಿಗೆ ಹಗ್ಗ ಕಟ್ಟಿ ಕೆಂಪು ಬಾವುಟ ನೆಟ್ಟಿದ್ದರು, ಅದರಾಚೆ ಪ್ರಪಾತ. ಅಂಗಡಿಯವರು ಹೇಳಿಕೊಟ್ಟ ಹಾಗೆ ನಾನು ತಲೆ ತಿರುಗಿಸುತ್ತಾ ಬಾವುಟಗಳನ್ನು ಎಣಿಸಿಕೊಂಡು ಇಳಿಯುತ್ತಿದ್ದೆ. ನಾಲ್ಕನೆಯ ಬಾವುಟದ ನಂತರ ಬಲಗಡೆಯ ಅಂಚಿನಲ್ಲಿ ಬೆಳ್ಳಗೆ ಏನೋ ಬಂತು. ಹಿಮದ ಪುಡಿ ಎಂದುಕೊಂಡೆ. ಅದು ಹೋಗಲಿಲ್ಲ, ನಡುವಿಗೆ ಹರಡಿತು. ಮುಂದೆ ಹೋಗುತ್ತಿದ್ದವರ ನೀಲಿ ಜಾಕೆಟ್ಟು ಬೂದುಬಣ್ಣವಾಯಿತು, ಆಮೇಲೆ ಇಲ್ಲವಾಯಿತು. ಐದನೆಯ ಬಾವುಟ ನನಗೆ ಕಾಣಲೇ ಇಲ್ಲ.

ಬದಿಯಿಂದ ಪರದೆ ಎಳೆದ ಹಾಗೆ. ವೈದ್ಯರ ಮಾತು ಅಕ್ಷರ ಅಕ್ಷರವಾಗಿ ಕೇಳಿಸಿತು.

ಹೇಗೋ ಬಲಕ್ಕೆ ಒರಗಿ ಬಿದ್ದೆ. ಸ್ಕೀ ಅಡ್ಡ ಸಿಕ್ಕಿ ನಿಂತಿತು. ಎಡಗಡೆ ಎಷ್ಟು ದೂರದಲ್ಲಿ ಹಗ್ಗವಿದೆ ಎಂದು ಗೊತ್ತಿರಲಿಲ್ಲ, ಆದ್ದರಿಂದ ಅಲುಗಾಡುವ ಧೈರ್ಯವೂ ಇರಲಿಲ್ಲ. ಆ ಬೆಳ್ಳನೆಯ ಒಳಗೆ ಕೂತು ನಾನು ಯೋಚಿಸಿದ್ದು ಅಪ್ಪನ ಬಗ್ಗೆ. ಈ ಸುದ್ದಿಯನ್ನು ಅವರಿಗೆ ಯಾರು ಹೇಳುತ್ತಾರೆ, ಯಾವ ಮಾತಿನಿಂದ ಶುರು ಮಾಡುತ್ತಾರೆ.

ಆಮೇಲೆ, ಎಷ್ಟು ಹೊತ್ತಿಗೋ, ಅಂಗಡಿಯ ಮಾತು ನೆನಪಿಗೆ ಬಂತು. ಮೊದಲು ಗಾಜಿನ ಮೇಲೆ ಅನುಮಾನ ಪಡು. ಗಾಜನ್ನು ಅನುಮಾನಿಸಬೇಕಾದರೆ ಅದನ್ನು ತೆಗೆಯಬೇಕು. ತೆಗೆಯಬಾರದು ಎಂದವರೂ ಅವರೇ. ಎರಡು ನಿಯಮಗಳ ನಡುವೆ ಸಿಕ್ಕಿಕೊಂಡಿದ್ದಾಗ ನನ್ನ ಕೈ ತಾನಾಗಿ ಜೇಬಿನಲ್ಲಿದ್ದ ಗುಲಾಬಿ ಗಾಜಿನ ಚೀಲವನ್ನು ಹುಡುಕುತ್ತಿತ್ತು. ಕೈಗೆ ಇಪ್ಪತ್ತು ಸಲದ ನೆನಪಿತ್ತು.

ಕಣ್ಣು ಬಿಗಿಯಾಗಿ ಮುಚ್ಚಿದೆ. ಕಪ್ಪು ಗಾಜಿನ ಮೂಲೆಯನ್ನು ಹೆಬ್ಬೆರಳಿನಿಂದ ಎಬ್ಬಿಸಿದೆ. ತಣ್ಣನೆ ಗಾಳಿ ರೆಪ್ಪೆಗೆ ಹೊಡೆಯಿತು. ಗುಲಾಬಿ ಗಾಜಿನ ಉಬ್ಬು ಹೊರಕ್ಕೆ, ಮೂಗಿನ ಕಚ್ಚು ಕೆಳಕ್ಕೆ. ಟಕ್ ಎಂದು ಕೂತಿತು.

ಆದರೂ ಕಣ್ಣು ತೆರೆಯಲಿಲ್ಲ. ತೆರೆದರೆ ಗೊತ್ತಾಗಿಬಿಡುತ್ತದೆ. ಮುಚ್ಚಿಕೊಂಡಿರುವವರೆಗೆ ಎರಡೂ ಸಾಧ್ಯ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ.

ತೆರೆದೆ. ಮೊದಲು ಕಂಡದ್ದು ನನ್ನ ಗ್ಲೌಸಿನ ಹೊಲಿಗೆ. ಒಂದೊಂದೇ ದಾರ. ಆಮೇಲೆ ತಲೆ ತಿರುಗಿಸಿದೆ. ಹಗ್ಗ ಎರಡು ಮಾರು ದೂರದಲ್ಲಿತ್ತು.

ಸಂಜೆ ಅವರಿಗೆ ಫೋನ್ ಮಾಡಿದೆ.

“ಮಧ್ಯದಲ್ಲಿ ಸ್ವಲ್ಪ ಮಸುಕಾಯಿತು ಅಂಕಲ್. ಗಾಜು ಬದಲಾಯಿಸಿದೆ, ಸರಿಹೋಯಿತು,” ಎಂದೆ. ಅಷ್ಟೇ ಹೇಳಿದೆ.

“ಸ್ವಲ್ಪ ಅಂದ್ರೆ ಎಷ್ಟು? ಯಾವ ಕಡೆಯಿಂದ ಬಂತು?”

“ಬಲಗಡೆಯಿಂದ.”

“ಒಳಗಡೆ ಒರಸಿದ್ಯಾ?”

“…ಹೂಂ.”

“ಯಾವುದ್ರಲ್ಲಿ?”

“ವೇಲಿನಲ್ಲಿ.”

“ಮುಖಕ್ಕೆ ಏನ್ ಹಚ್ಕೊಂಡಿದ್ದೆ?”

“ಕೊಬ್ಬರಿ ಎಣ್ಣೆ.”

ಅವರು ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಕಟ್ ಮಾಡಿರಲಿಲ್ಲ. ‘ಪಿರಿಯಾಪಟ್ಟಣ, ಪಿರಿಯಾಪಟ್ಟಣ’ ಎಂದು ಕಂಡಕ್ಟರ್ ಕೂಗುವುದು ಅಷ್ಟು ದೂರದಿಂದ ನನ್ನ ಕಿವಿಗೆ ಬಿತ್ತು. ಆಮೇಲೆ ಅವರು ಫೋನನ್ನು ಮತ್ತೆ ಎತ್ತಿಕೊಂಡರು.

“ನಮ್ ಮನೇಲೇ ಮಾಗಿ ಚಳೀಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ತದೆ ಅಂತ ಬಾಟ್ಲಿ ಬಿಸಿಲಿಗೆ ಮಡಗ್ತೀವಿ ಕಣಮ್ಮ. ದಿನಾ ನೋಡ್ತೀನಿ ಅದ. ಎಲ್ಲಾ ಯೋಚಿಸ್ದೆ, ಅದೊಂದು ಹೊಳೀಲಿಲ್ಲ. ತಪ್ಪು ನಂದು.”

“ಒರೆಸಿದ್ದು ನಾನು ಅಂಕಲ್. ನೀವು ಬೇಡ ಅಂದಿದ್ರಿ.”

“ನೀನು ಒರಸ್ತೀಯ ಅಂತ ನನಗೆ ಗೊತ್ತಿರ್ಬೇಕಿತ್ತು.”

ಮುಂದೆ ಆ ವಿಷಯವನ್ನು ನಾವು ಮತ್ತೆ ಮಾತಾಡಲಿಲ್ಲ. ಎರಡು ದಿನದ ನಂತರ ಒಂದು ಮೆಸೇಜ್ ಬಂತು: ಮುಖಕ್ಕೆ ಎಣ್ಣೆ ಬೇಡ, ಗಾಜಿಗೆ ಪಾತ್ರೆ ಸೋಪಿನ ನೊರೆ ಒಂದು ತೊಟ್ಟು, ಉಗುರುಬೆಚ್ಚಗಿನ ನೀರು, ಒರೆಸದೆ ಒಣಗಿಸುವುದು. ತರಬೇತಿ ಮುಗಿಯಿತು, ಪಾಸಾದೆ. ಆ ಇಳಿಜಾರಿನ ಮೇಲೆ ಕೂತಿದ್ದಾಗ ನನಗೆ ಏನನ್ನಿಸಿತ್ತು ಎಂದು ಅವರಿಗೆ ಹೇಳಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೇಳೋಣ ಎಂದುಕೊಂಡೆ. ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಹೇಳಿದರೆ ಅವರು ಸಂಕಟಪಡುತ್ತಾರೆ ಎಂದೂ ಅನ್ನಿಸಿತು. ಹೇಳದೇ ಇರಲು ನನಗೆ ಯಾವಾಗಲೂ ಕಾರಣಗಳು ಸಿಗುತ್ತವೆ.

ಎಳೆದ ಷಟರಿನ ಮುಂದೆ ನಾನು ನಿಂತಿದ್ದಾಗ ಹಾಲಿನ ಬೂತಿನಿಂದ ಜಯಮ್ಮಕ್ಕ ಕರೆದರು.

“ಬಂದ್ಯಾ ಅವ್ವಾ? ನಿಂದೊಂದು ಸಾಮಾನು ನನ್ ಫ್ರೀಜರಲ್ಲಿ ಕೂತದೆ. ತಗೊಂಡೋಗು. ಐಸ್‌ಕ್ರೀಮ್ ಗಾಡಿಯೋನು ಬಂದಾಗೆಲ್ಲ ನೋಡಿ ನಗ್ತಾನೆ.”

ಐಸ್‌ಕ್ರೀಮ್ ಡಬ್ಬಿಗಳ ಅಡಿಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಕೊಟ್ಟರು. ಒಳಗೆ ನಾನು ಮೊದಲು ತಂದಿದ್ದ, ಅವರು ಡ್ರಾಯರಿಗೆ ಹಾಕಿಕೊಂಡಿದ್ದ ಆ ಕಪ್ಪು ಗಾಗಲ್ಸ್. ಗಾಜಿನ ಒಳಮೈಗೆಲ್ಲ ಬಿಳಿಯಾಗಿ ಎಣ್ಣೆ ಹೆಪ್ಪುಗಟ್ಟಿತ್ತು.

“ಇದು ಯಾಕಕ್ಕ ಇಲ್ಲಿ?”

“ನಂಗೇನ್ ಗೊತ್ತವ್ವಾ. ನೀನು ಆ ಕಡೆಯಿಂದ ಫೋನ್ ಮಾಡಿದ್ಯಲ್ಲ, ಮಾರನೇ ದಿವ್ಸ ಅಣ್ಣ ಬಂದ್ರು. ನನ್ ತಾವೇ ಎಣ್ಣೆ ಇಸ್ಕಂಡ್ರು. ಬಟ್ಟೇಲಿ ಹಚ್ಚಿ ಒಳಕ್ಕೆ ಮಡಗೋದು, ಆಮೇಲೆ ತೆಗ್ದು ಹಾಕ್ಕೊಂಡು ಇಗೋ ಇಲ್ಲೇ, ಈ ಮೆಟ್ಲ ಕೆಳಗೆ, ರೋಡ್ ನೋಡ್ಕಂಡು ನಿಂತ್ಕಳೋದು. ಕರಗ್ತು ಅಂದ್ರೆ ತಿರ್ಗಾ ಹಚ್ಚೋದು. ಎರಡು ದಿನ ಇದೇ ಆಟ. ಊಟಕ್ಕೂ ಹೋಗ್ಲಿಲ್ಲ. ಬಸ್ಸು ಪಕ್ಕಕ್ಕೇ ಬಂದ್ರೂ ಸರೀತಿರಲಿಲ್ಲ ಆ ಮನ್ಸ; ನಾನೇ ತೋಳು ಹಿಡಿದು ಎಳೀತಿದ್ದೆ. ‘ಏನ್ ಕಾಣ್ತದಣ್ಣಾ ಅದ್ರಲ್ಲಿ?’ ಅಂದೆ. ‘ಏನೂ ಕಾಣಾಕಿಲ್ಲ ಜಯಮ್ಮ’ ಅಂದ್ರು. ‘ಮಗು ಸ್ವಲ್ಪ ಅಂದ್ಲು, ಏನೂ ಕಾಣಾಕಿಲ್ಲ’ ಅಂದ್ರು. ತೆಗೀಬ್ಯಾಡ, ಅವಳು ಬಂದಾಗ ಬೇಕು ಅಂತ ಅಲ್ಲೇ ಬುಟ್ಟು ಹೋದ್ರು.”

ಜಯಮ್ಮಕ್ಕ ಗಿರಾಕಿಯ ಕಡೆಗೆ ತಿರುಗಿದರು. ನಾನು ಮೆಟ್ಟಿಲ ಕೆಳಗೆ, ಅವರು ತೋರಿಸಿದ ಜಾಗದಲ್ಲಿ ನಿಂತೆ. ಕನ್ನಡಕ ತೆಗೆದು ಆ ಗಾಗಲ್ಸ್ ಹಾಕಿಕೊಂಡೆ. ಹಣೆಗೆ ತಣ್ಣಗೆ ಒತ್ತಿತು. ಎದುರಿಗೆ ಅದೇ ಬಿಳುಪು. ಬಸ್ ನಿಲ್ದಾಣವಿಲ್ಲ, ಜನರಿಲ್ಲ, ಕೂಗು ಮಾತ್ರ.

ನಿಧಾನವಾಗಿ, ಮುಖದ ಬಿಸಿಗೆ ಎಣ್ಣೆ ಕರಗತೊಡಗಿತು. ಬಿಳುಪಿನಲ್ಲಿ ಒಂದು ತೂತು ಬಿತ್ತು, ದೊಡ್ಡದಾಯಿತು. ಯಾರದೋ ಹಳದಿ ಕೊಡೆ. ಬಾಳೆಹಣ್ಣಿನ ಗಾಡಿ. ನಾನು ಬೆರಳಿನಿಂದ ಚೌಕಟ್ಟನ್ನು ಸವರಿದೆ. ಎಡಗಡೆಯ ಅರ್ಧಕ್ಕೆ ಹೊರಗಿನಿಂದ ಏನೋ ಅಂಟಿಸಿತ್ತು. ಗಾಗಲ್ಸ್ ತೆಗೆದು ನೋಡಿದೆ. ಕರೆಂಟ್ ಕೆಲಸಕ್ಕೆ ಬಳಸುವ ಕಪ್ಪು ಟೇಪು. ಸಂದಿಯಿಲ್ಲದ ಹಾಗೆ, ಸಾಲಾಗಿ, ನೀಟಾಗಿ ಅಂಟಿಸಿದ್ದರು. ಹಾಕಿಕೊಂಡಾಗ ಅದು ನನಗೆ ಗೊತ್ತೇ ಆಗಿರಲಿಲ್ಲ. ನನಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದು ಎರಡು ಕಣ್ಣಿದ್ದ ಅವರಿಗೆ.

ಮತ್ತೆ ಹಾಕಿಕೊಂಡು ನಿಂತೆ. ಎಷ್ಟು ಹೊತ್ತೋ.

“ಅವ್ವಾ, ಸರ್ಕೋ! ಬಸ್ಸು!”

ಜಯಮ್ಮಕ್ಕ ನನ್ನ ತೋಳು ಹಿಡಿದು ಮೆಟ್ಟಿಲ ಮೇಲಕ್ಕೆ ಎಳೆದರು. ಪಿರಿಯಾಪಟ್ಟಣದ ಬಸ್ಸು ಗಾಳಿ ಬೀಸಿಕೊಂಡು ಪಕ್ಕದಲ್ಲೇ ಹೋಯಿತು. ಅದು ಎಡಗಡೆಯಿಂದ ಬಂದಿತ್ತು.